ಸೋಮವಾರದ ಬಿತ್ತನೆ

2025ರ ಸೆಪ್ಟೆಂಬರ್ 20, ಶನಿವಾರ. ಬೆಳಿಗ್ಗೆ 10-40ಕ್ಕೆ ಸೈದಾಬಿ ಬೈಲಹೊಂಗಲ ಪೊಲೀಸ್ ಠಾಣೆಗೆ ಬಂದರು. ಸೋಯಾಬೀನ್ ಕೊಯ್ಯುವ ಎರಡು ಯಂತ್ರಗಳನ್ನು ಬಾಡಿಗೆಗೆ ಓಡಿಸುವ ಹೆಂಗಸು. ಕೈಯಲ್ಲಿ ಆರುನೂರು ರೈತರ ಪಟ್ಟಿ: ಹೆಸರು, ಫೋನ್ ನಂಬರು, ಬಿತ್ತಿದ ತಾರೀಖು.

"ಯಾರ ಬೆಳಿ ಯಾವತ್ತ ಕೊಯ್ಲಿಗೆ ಬರತೈತಿ ಅನ್ನೋದು ಇದರಾಗ ಐತ್ರಿ. ನಾವು ಫೋನ್ ಮಾಡೂದಕ್ಕಿಂತ ಮೊದಲ ಸವದತ್ತಿಯಾಗ ಮಷೀನ್ ಬಾಡಿಗಿ ಬಿಡೋ ಅಂದಾನೆಪ್ಪ ಮಾಡಾಕತ್ತಾನ. ಸುಗ್ಗಿ ಇರೋದು ಇಪ್ಪತ್ತು ದಿನ. ಇದು ತಪ್ಪಿದ್ರ ಮಷೀನ್ ವರ್ಷಪೂರ್ತಿ ನಿಲ್ತಾವ."

"ಪಟ್ಟಿ ಯಾರ ಕಡೆ ಇರತೈತಿ?" ಇನ್ಸ್‌ಪೆಕ್ಟರ್ ನಾಗರತ್ನಾ ಕೇಳಿದರು.

"ನನ್ನ ಕಡೆ. ಮತ್ತ ರೈತರಿಗೆ ಫೋನ್ ಮಾಡಿ ಬರಕೊಳ್ಳೋ ಮಧು ಕಡೆ. ಅಂವ ಮಗ ಇದ್ದಂಗ್ರಿ."

ಮಾಹಿತಿ ತಂತ್ರಜ್ಞಾನ ಕಾಯ್ದೆಯ ಕಲಂ 66ರಡಿ ಎಫ್‌ಐಆರ್ ದಾಖಲಾಯಿತು. ತಡೆಯಾಜ್ಞೆಯ ದಾವೆಗೆ ಸೈದಾಬಿಯ ವಕೀಲರೂ ಕಾಗದ ಸಿದ್ಧಮಾಡಿದ್ದರು. ಪುರಾವೆ ಮಾತ್ರ ಇರಲಿಲ್ಲ.

ಮಧ್ಯಾಹ್ನ 1-15, ಸವದತ್ತಿಯಲ್ಲಿ ಅಂದಾನೆಪ್ಪನ ಕಚೇರಿ. ಅಂದಾನೆಪ್ಪ ಚಹಾ ತರಿಸಿದರು. ನಾಗರತ್ನಾ ಮುಟ್ಟಲಿಲ್ಲ.

"ರೈತರ ಹೆಸರಿಗೆ ಮಾಲಕರು ಯಾರದಾರ್ರಿ ಮೇಡಂ? ನಮ್ಮ ಹುಡುಗ್ರು ಊರೂರು ತಿರುಗಿ, ತಾರೀಖು ಕೇಳಿ ಬರಕೊಂಡಾರ."

ಇಬ್ಬರು ಪಂಚರ ಸಮಕ್ಷಮ ಕಂಪ್ಯೂಟರ್ ಜಪ್ತಿಯಾಯಿತು. ಪಂಚನಾಮೆ ಮುಗಿದ ಮೇಲೆ ನಾಗರತ್ನಾ ಅದರಲ್ಲಿ ಸಿಕ್ಕ ಪಟ್ಟಿ, ಸೈದಾಬಿಯ ಪಟ್ಟಿ ಎರಡನ್ನೂ ಸಾಲು ಸಾಲಾಗಿ ಓದಿದರು. ಒಂದೂವರೆ ಗಂಟೆ. ಬೆರಳು ಒಂದು ಹೆಸರಿನ ಮೇಲೆ ನಿಂತಿತು. ಹೂಲಿಯ ಸೋಮಪ್ಪ, ಜೂನ್ 16. ಎರಡರಲ್ಲೂ ಅದೇ.

"ಬಾಳೇಶ, ಜೂನ್ ಹದಿನಾರು ಯಾವ ವಾರ?"

ಕಾನ್‌ಸ್ಟೇಬಲ್ ಕ್ಯಾಲೆಂಡರ್ ನೋಡಿದ. "ಸೋಮವಾರ ರೀ."

"ನಿಮ್ಮನಿಯಾಗ ಸೋಮವಾರ ಎತ್ತು ಹೂಡ್ತೀರೇನು?"

"ಬಸವಣ್ಣನ ವಾರ ರೀ! ಹೂಡಿದ್ರ ನಮ್ಮಪ್ಪ ನನ್ನಽ ನೊಗಕ್ಕ ಕಟ್ತಾನ."

ಸೋಮಪ್ಪನಿಗೆ ಫೋನ್ ಹೋಯಿತು.

"ಸೋಮವಾರ ಯಾಂವ ಬಿತ್ತಾನ್ರಿ? ಎತ್ತು ಹೂಡಿ ರವಿವಾರನ ಬಿತ್ತೇನಿ. ಮರುದಿನ ಮಧು ಫೋನ್ ಮಾಡಿದ್ದ."

"ಅಂದಾನೆಪ್ಪನವರ ಕಡೆಯವರು?"

"ಕೊಯ್ಲಿಕ್ಕೆ ಬರ್ತೇವಂತ ಮೊನ್ನಿ ಅಂದ್ರು. ಬಿತ್ತಿದ್ದು ಯಾವಾಗಂತ ಅವರು ಕೇಳಿಲ್ಲ."

ಫೋನ್ ಮಾಡಿದ ದಿನವನ್ನೇ ಮಧು ಬಿತ್ತಿದ ದಿನವೆಂದು ಬರೆದಿದ್ದ. ಊರೂರು ತಿರುಗಿ ಕೇಳಿದವರಿಗೆ ಅವನ ತಪ್ಪು ಸಿಗುವಂತಿರಲಿಲ್ಲ. ಬಾಳೇಶ ಮೇಡಂ ಕಡೆ ಒಮ್ಮೆ ನೋಡಿ, ತಾನಾಗಿಯೇ ಸೆಲ್ಯೂಟ್ ಹೊಡೆದ.

ಸಂಜೆ 5-30ಕ್ಕೆ ಠಾಣೆಯಲ್ಲಿ ಮಧುವಿನ ಮುಂದೆ ಎರಡೂ ಪಟ್ಟಿ ಇಟ್ಟು, ಸೋಮಪ್ಪ ಹೇಳಿದ್ದನ್ನು ತಿಳಿಸಿದರು. ಅವನು ಫೋನ್ ತೆಗೆದು ತಾನೇ ತೋರಿಸಿದ. ಪಟ್ಟಿಯನ್ನು ಆಗಸ್ಟ್ 28ರಂದು ಅಂದಾನೆಪ್ಪನಿಗೆ ಕಳಿಸಿದ್ದ. ಇಬ್ಬರನ್ನೂ ಬಂಧಿಸಲಾಯಿತು.

"ಯಾಕ ಮಾಡಿದಿ?"

"ಹೊಸ ಮಷೀನ್ ಬಂದ ದಿನ ಸೈದಾಬಿಯವ್ರು ಡ್ರೈವರ್‌ಗೋಳಿಗೆ ಟಾವೆಲ್ ಹಾಕಿ, ಕಾಯಿ ಕೊಟ್ರು. ನಾ ಫೋಟೋ ಹೊಡ್ಕೋತ ನಿಂತಿದ್ದೆ. ಆರುನೂರು ಮಂದಿ ದನಿ ಗುರ್ತ ಹಿಡೀತೇನ್ರಿ ನಾ. ಅಂದಾನೆಪ್ಪ ಶಾಲು ಹೊದಿಸಿದ."

ನಾಗರತ್ನಾ ಅದನ್ನು ಅವನು ಹೇಳಿದಂತೆಯೇ ಬರೆದುಕೊಂಡರು.

ಬಾಗಿಲ ಬಳಿ ಮಧು ನಿಂತ. "ಮೇಡಂ, ಸೋಮಪ್ಪ ಕಾಕಾ ಒಂದು ದಿನ ಮೊದಲಽ ಬಿತ್ಯಾನಂದ್ರ, ನಾಳಿನ ಕೊಯ್ಬೇಕ್ರಿ. ತಡಾ ಆದ್ರ ಕಾಯಿ ಸಿಡೀತಾವ."

ನಾಗರತ್ನಾ ಸೈದಾಬಿಗೆ ಫೋನ್ ಮಾಡಿದರು. ಭಾನುವಾರ ಬೆಳಿಗ್ಗೆ 7ಕ್ಕೆ ಯಂತ್ರ ಹೂಲಿಯಲ್ಲಿತ್ತು.