ಮೂವತ್ತೇಳನೆಯವನ ನಾಡಿ

“ನಿಮ್ಮ ಎದೆ ಹೊಡ್ಕೊಳ್ತಿರೋದು ನನ್ನಿಂದ ಅಲ್ಲ. ಮೆಟ್ಟಿಲಿಂದ.”

ಇಷ್ಟು ಹೇಳಿ ಅವಳು ಫೈಲು ಮುಚ್ಚಿದಳು.

ಎದುರಿಗಿದ್ದ ಲಿಫ್ಟ್ ಮೆಕ್ಯಾನಿಕ್ ತನ್ನ ಗ್ರೀಸ್ ಮೆತ್ತಿದ ಅಂಗಿ ತೋಳನ್ನೊಮ್ಮೆ ನೋಡಿಕೊಂಡ, ಆಮೇಲೆ ಅವಳನ್ನು. ಅವನು ಕೇಳಿದ್ದು ದೊಡ್ಡದೇನಲ್ಲ... ಸಂಜೆ ಕೆಳಗೆ ಒಟ್ಟಿಗೆ ಟೀ ಕುಡಿಯೋಣವಾ ಎಂದಷ್ಟೇ.

“ನಾನು ಎದೆ ವಿಷಯ ಎತ್ತಲೇ ಇಲ್ವಲ್ಲ ಮೇಡಂ?”

“ಐದು ಮಹಡಿ ಹತ್ತಿದ್ರೆ ಯಾರ ಎದೆಯಾದ್ರೂ ಬಡ್ಕೊಳ್ಳುತ್ತೆ. ಆಗ ಎದುರಿಗೆ ಯಾರು ಕೂತಿದ್ರೂ, ಇವರಿಂದಲೇ ಹೀಗಾಗ್ತಿದೆ ಅಂತ ಮನಸ್ಸು ತಪ್ಪು ತಿಳ್ಕೊಳ್ಳುತ್ತೆ. ನಾವಿಲ್ಲಿ ಪರೀಕ್ಷೆ ಮಾಡ್ತಿರೋದೇ ಅದನ್ನ. ನಾಳೆ ಹೊತ್ತಿಗೆ ಇಳಿದುಹೋಗುತ್ತೆ.”

“ಜ್ವರದ ಥರ?”

“ಹೆಚ್ಚುಕಡಿಮೆ.”

ಅವನು ನಗಲಿಲ್ಲ. ಬೆರಳಿಗೆ ಸಿಕ್ಕಿಸಿದ್ದ ನಾಡಿ ಅಳೆಯುವ ಕ್ಲಿಪ್ಪನ್ನು ಬಿಚ್ಚಿ, ಗಾಜಿನ ಸಾಮಾನಿನಂತೆ ಮೇಜಿನ ಮೇಲಿಟ್ಟು ಹೊರಟುಹೋದ.

ಮನೋವಿಜ್ಞಾನ ವಿಭಾಗದ ಆ ಪುಟ್ಟ ಕೋಣೆಯಲ್ಲಿ ನಾಲ್ಕು ತಿಂಗಳಿಂದ ಅವಳ ಸಂಶೋಧನೆ ನಡೆದಿತ್ತು. ಬಂದವರಲ್ಲಿ ಅರ್ಧ ಜನ ಮೆಟ್ಟಿಲು ಹತ್ತಿ ಬರಬೇಕು, ಅರ್ಧ ಜನ ಲಿಫ್ಟಿನಲ್ಲಿ. ಪ್ರತಿಯೊಬ್ಬರೂ ಹತ್ತು ನಿಮಿಷ ಅವಳೊಂದಿಗೆ ಮಾತಾಡಿ, ಇವರನ್ನು ಮತ್ತೆ ನೋಡುವ ಆಸೆ ಎಷ್ಟಿದೆ ಎಂದು ಹತ್ತಕ್ಕೆ ಅಂಕ ಕೊಡಬೇಕು. ಮೊನ್ನೆ ಕಟ್ಟಡದ ಎರಡು ಲಿಫ್ಟುಗಳೂ ಕೆಟ್ಟವು. ರಿಪೇರಿಗೆ ಬಂದವನನ್ನು, ಜನ ಸಾಲದೆ, ಕರೆದು ಕೂರಿಸಿದವಳೂ ಅವಳೇ. ಪಟ್ಟಿಯಲ್ಲಿ ಮೂವತ್ತೇಳನೆಯವನು. ಮೆಟ್ಟಿಲಿನ ಗುಂಪು.

ಆ ಹತ್ತು ನಿಮಿಷದಲ್ಲಿ ಅವನು ಲಿಫ್ಟಿನಲ್ಲಿ ಸಿಕ್ಕಿಕೊಂಡವರ ಕಥೆ ಹೇಳಿದ್ದ. ಬಾಗಿಲು ತೆರೆಯುವವರೆಗೆ ಅವರು ಹೆದರದಿರಲಿ ಎಂದು ಹೊರಗಿನಿಂದ, ಇವತ್ತು ಮನೇಲಿ ಏನು ಅಡುಗೆ ಅಂತ ಕೇಳುತ್ತಿರುತ್ತಾನಂತೆ.

ಅವಳು ನಕ್ಕುಬಿಟ್ಟಿದ್ದಳು. ಪ್ರಯೋಗದ ನಿಯಮದಲ್ಲಿ ನಗು ಇರಲಿಲ್ಲ.

ಅಂದು ಸಂಜೆ ಅವನ ನಾಡಿಯ ಗೆರೆ ವಿಚಿತ್ರವಾಗಿ ಕಂಡಿತು. ‘ಯಂತ್ರದ ದೋಷ’ ಎಂದು ಬರೆದು ಮೂವತ್ತೇಳರ ಮೇಲೆ ಗೀಟು ಎಳೆದಳು. ಅಲ್ಲಿಗೆ ಮುಗಿಯಿತು.

ಮುಗಿಯಿತೇ?

ಒಂದು ಲಿಫ್ಟು ಸರಿಹೋಗಿತ್ತು, ಪಕ್ಕದ್ದರ ಕೆಲಸ ಇನ್ನೂ ನಡೆದಿತ್ತು. ಗೋಡೆಯಾಚೆ ಸುತ್ತಿಗೆಯ ಸದ್ದಾದರೆ ಅವಳ ಪೆನ್ನು ನಿಲ್ಲುತ್ತಿತ್ತು. ಸದ್ದು ನಿಂತರೆ ಇನ್ನೂ ಕಷ್ಟ. ಲಿಫ್ಟಿನ ಗಂಟೆ ಕೇಳಿದಾಗಲೆಲ್ಲ ಕಣ್ಣು ಬಾಗಿಲಿಗೆ ಓಡುತ್ತಿತ್ತು.

‘ನಾನು ಬೆಳಗಿಂದ ಕುರ್ಚಿ ಬಿಟ್ಟು ಎದ್ದಿಲ್ಲ. ಮೆಟ್ಟಿಲು ಹತ್ತಿಲ್ಲ. ಮತ್ತೆ ನನಗ್ಯಾಕೆ ಹೀಗೆ...’

ಟೀ ಜಾಸ್ತಿಯಾಯಿತು ಎಂದುಕೊಂಡಳು. ಮರುದಿನ ಟೀ ಬಿಟ್ಟಳು. ನಿದ್ದೆ ಸಾಲದು ಎಂದುಕೊಂಡಳು. ಬೇಗ ಮಲಗಿದಳು. ಎದೆ ಮಾತ್ರ ತನ್ನ ಪಾಡಿಗೆ ತಾನು ಬಡಿದುಕೊಳ್ಳುತ್ತಲೇ ಇತ್ತು.

ಒಂದು ಕಾಲದಲ್ಲಿ ಎರಡು ವರ್ಷ ಜೊತೆಗಿದ್ದವನು, ‘ಆಗ ಹಾಗನ್ನಿಸಿತ್ತು, ಈಗ ಅನ್ನಿಸ್ತಿಲ್ಲ’ ಎಂದು ಹೊರಟುಹೋಗಿದ್ದ. ಪ್ರೀತಿಯೆಂಬುದೇ ಮನಸ್ಸಿನ ಲೆಕ್ಕ ತಪ್ಪಿದ್ದು ಎಂದು ಸಾಬೀತಾಗಿಬಿಟ್ಟರೆ ಆ ನೋವಿಗೂ ಅರ್ಥವಿರುವುದಿಲ್ಲ... ಅವಳು ಆ ಸಿದ್ಧಾಂತವನ್ನು ಆರಿಸಿಕೊಂಡದ್ದೇ ಅದಕ್ಕೆ. ಇದನ್ನು ಯಾರಿಗೂ ಹೇಳಿರಲಿಲ್ಲ.

ಶನಿವಾರ ಪ್ರೊಫೆಸರ್ ಕನ್ನಡಕ ಏರಿಸಿಕೊಂಡು ಪಟ್ಟಿ ನೋಡಿದರು. ಅವಳ ಗುರು, ತಾಯಿಯ ವಯಸ್ಸಿನವರು.

“ಮೂವತ್ತೇಳಕ್ಕೆ ಏನಾಯ್ತಮ್ಮ?”

“ಕ್ಲಿಪ್ಪು ಕೆಟ್ಟಿತ್ತು ಮೇಡಂ. ಬೇರೆಯವರ ನಾಡಿ ಜೋರಾಗಿ ಶುರುವಾಗಿ ನಿಧಾನಕ್ಕೆ ಇಳಿಯುತ್ತೆ. ಇವರದು ಎಪ್ಪತ್ತೆರಡರಲ್ಲಿ ಶುರುವಾಗಿ ನೂರ ಆರಕ್ಕೆ ಏರಿದೆ. ಕೂತಲ್ಲೇ.”

“ಮೂವತ್ತೆಂಟನೆಯವರಿಗೆ ಅದೇ ಕ್ಲಿಪ್ಪು ಸರಿಯಾಗಿ ಕೆಲಸ ಮಾಡ್ತಾ?”

“ಮಾಡ್ತು ಮೇಡಂ.”

“ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋರನ್ನ ಕಂಡಿದ್ದೆ. ನಾಲ್ಕನೇ ಕಾಲು ಕತ್ತರಿಸಿ ಕಸದ ಬುಟ್ಟಿಗೆ ಹಾಕೋರನ್ನ ಈಗ ನೋಡ್ತಿದೀನಿ.” ಅವರು ಪಟ್ಟಿಯನ್ನು ಅವಳತ್ತ ತಳ್ಳಿದರು. “ಒಬ್ಬನಿಂದ ಸಿದ್ಧಾಂತ ಬೀಳಲ್ಲ. ಆದ್ರೆ ಒಬ್ಬನನ್ನ ಅಳಿಸಿ ನಿಲ್ಲಿಸೋದು ಸಿದ್ಧಾಂತ ಅಲ್ಲ, ಹಟ. ಏನು ಕಂಡ್ರೆ ನಿನ್ನದು ತಪ್ಪು ಅಂತ ಒಪ್ಕೋತೀಯ? ಅದನ್ನ ಮೊದಲೇ ಬರೆದಿಟ್ಕೊಂಡಿದ್ಯಾ?”

“ಇಲ್ಲ ಮೇಡಂ.”

“ಅವನನ್ನ ಏನಾದ್ರೂ ಕೇಳಿದ್ಯಾ?”

“ಅವರೇ... ನನ್ನನ್ನ ಕೇಳಿದ್ರು. ಟೀಗೆ.”

ಪ್ರೊಫೆಸರ್ ಕನ್ನಡಕ ತೆಗೆದರು. “ಆ ಎರಡನೇ ಲಿಫ್ಟಿನ ಕೆಲಸ ಇವತ್ತಿಗೆ ಮುಗೀತು. ಆಗಲೇ ಸಹಿ ಹಾಕಿಸ್ಕೊಂಡು ಹೋದ.”

ಅವಳು ಎದ್ದು ನಿಂತಳು. ಕ್ಲಿಪ್ಪನ್ನು ಕೈಗೆತ್ತಿಕೊಂಡಳು. ಕಾಲು ಮೆಟ್ಟಿಲಿನತ್ತ ಹೊರಟಿತು. ಅರೆಕ್ಷಣ ನಿಂತು, ತಿರುಗಿ, ಲಿಫ್ಟಿನ ಗುಂಡಿ ಒತ್ತಿದಳು.

ಐದು... ನಾಲ್ಕು... ಮೂರು... ಯಾವತ್ತೂ ಇಷ್ಟು ನಿಧಾನವಿರಲಿಲ್ಲ.

ಕೆಳಗೆ ಅವನು ಸ್ಪ್ಯಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ.

“ಅವತ್ತು ನನ್ನ ಕೋಣೆಗೆ ಎಲ್ಲಿಂದ ಬಂದ್ರಿ? ಕೆಳಗಿಂದ ಹತ್ತಿ ಬಂದ್ರಾ?”

ಅವನು ತಲೆಯೆತ್ತಿದ. “ಇಲ್ವಲ್ಲ. ಮೇಲೆ ಮಷೀನ್ ರೂಮಲ್ಲಿದ್ದೆ. ಒಂದು ಮಹಡಿ ಇಳ್ಕೊಂಡು ಬಂದೆ. ಹತ್ತಿ ಬನ್ನಿ ಅಂದಿದ್ರಿ, ನಿಜ. ಮೇಲಿದ್ದೋನು ಕೆಳಗಿಳಿದು ಮತ್ತೆ ಹತ್ಲಾ? ತಪ್ಪಾಯ್ತಾ?”

“ನಿಮ್ಮದಲ್ಲ,” ಎಂದಳು. “ನಿಮ್ಮನ್ನ ಒಂದು ಮಾತೂ ಕೇಳದೆ, ನಿಮ್ಮ ಎದೆ ಬಡಿತಕ್ಕೆ ನಾನೇ ಒಂದು ಕಾರಣ ಬರೆದುಬಿಟ್ಟೆ. ಕ್ಷಮಿಸಿ.”

ಅವನು ಚೀಲದ ಜಿಪ್ಪನ್ನು ಅರ್ಧ ಎಳೆದು ಬಿಟ್ಟ.

“ಬೇಡ ಅಂದಿದ್ರೆ ಸುಮ್ನಾಗ್ತಿದ್ದೆ ಮೇಡಂ. ನನಗನ್ನಿಸಿದ್ದೇ ಸುಳ್ಳು ಅಂದ್ರಲ್ಲ... ಅದು ತಡ್ಕೊಳ್ಳೋಕಾಗಲಿಲ್ಲ.”

ಅವಳು ಕ್ಲಿಪ್ಪನ್ನು ತನ್ನ ಬೆರಳಿಗೇ ಸಿಕ್ಕಿಸಿಕೊಂಡು ಕೈ ಮುಂದೆ ಚಾಚಿದಳು. ಅಂಕಿ ಮಿನುಗಿತು. ನೂರ ಎಂಟು.

“ನಾನು ಮೆಟ್ಟಿಲಲ್ಲಿ ಬರಲಿಲ್ಲ,” ಎಂದಳು. “ಲಿಫ್ಟಲ್ಲಿ ಬಂದೆ.”

ಅವನು ಆ ಅಂಕಿಯನ್ನು ಬಹಳ ಹೊತ್ತು ನೋಡಿದ.

“ಮಷೀನು ಕೆಟ್ಟಿರಬಹುದು.”

“ಹಾಗಂತ ಒಂದು ಸಲ ಗೀಟು ಎಳೆದಾಗಿದೆ. ಇನ್ನೊಂದು ಸಲ ಎಳೆಯಲ್ಲ.”

“ಒಂದೇ ಸಲ ನೋಡಿ ನಂಬೋ ಜನ ಅಲ್ವಲ್ಲ ನೀವು. ಎಷ್ಟು ಸಲ ನೋಡಬೇಕು?”

“ಗೊತ್ತಿಲ್ಲ... ದಿನಾ ನೋಡೋಣ. ಈಗ ಟೀ ಕುಡಿಯೋಣವಾ?”

“ಟೀ ಕುಡಿದ್ರೂ ನಾಡಿ ಏರುತ್ತೆ ಅಂತಾರೆ. ಆಮೇಲೆ ಎಲ್ಲಾ ಟೀದು ಅಂದುಬಿಟ್ರೆ?”

“ಹಾಗಾದ್ರೆ ಕುಡಿಯೋಕೆ ಮುಂಚೆನೇ ನೋಡಿಬಿಡಿ.”

ಅವನು ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡ. ಕ್ಲಿಪ್ಪನ್ನು ಬಿಚ್ಚಿ ಜೇಬಿಗೆ ಹಾಕಿ, ಅವಳ ಮಣಿಕಟ್ಟಿನ ಮೇಲೆ ತನ್ನ ಎರಡು ಬೆರಳಿಟ್ಟ.