ಇನ್ನು ಬರೋದು ಬೇಡ

"ಆಯ್ತು, ಮುಗೀತು. ಮಾತ್ರೆ ನಿಲ್ಸಿಬಿಡಿ. ಇನ್ನು ಬರೋದು ಬೇಡ."

ಅರ್ಧ ತೆರೆದ ಬಾಗಿಲಿನ ಆಚೆಯಿಂದ ಅಮ್ಮನ ದನಿ ಕೇಳಿಸಿತು. ಅದರ ಬೆನ್ನಿಗೇ, "ಮುಂದಿನವರು!"

ಪಿಟೀಲು ಬಾಗಿಲ ಪಕ್ಕದ ಬೆಂಚಿನ ತುದಿಯಲ್ಲಿ ಸ್ಕೂಲ್ ಬ್ಯಾಗನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದಳು. ಹಾಜರಿ ಪುಸ್ತಕದಲ್ಲಿ ಅವಳಿಗೆ ಬೇರೆ ಹೆಸರಿತ್ತು. ಮಾತು ಕಲಿತ ದಿನದಿಂದ ಬಾಯಿಗೆ ಬಿಡುವೇ ಕೊಡುತ್ತಿರಲಿಲ್ಲವಂತೆ. "ಶುರುವಾಯ್ತು ನೋಡು ಇವಳ ಪಿಟೀಲು!" ಎಂದು ಅಮ್ಮನೇ ನಗುತ್ತ ಇಟ್ಟ ಹೆಸರು ಅದು. ಆಗ ಅಮ್ಮ ಕೈಲಿದ್ದ ಕೆಲಸ ಬಿಟ್ಟು ಕೇಳುತ್ತಿದ್ದಳು.

ಈಗ ಕೇಳುತ್ತಿರಲಿಲ್ಲ. ಏನು ಹೇಳಿದರೂ "ಹೂಂ." ಮೊನ್ನೆ ಪರೀಕ್ಷೆ ಮಾಡಿಯೇಬಿಡೋಣವೆಂದು ಪಿಟೀಲು ಹೇಳಿದ್ದಳು, "ಅಮ್ಮಾ, ಇವತ್ತು ನಮ್ಮ ಕ್ಲಾಸಿಗೆ ಒಂದು ಆನೆ ಬಂದು ಮೂರನೇ ಬೆಂಚಲ್ಲಿ ಕೂತ್ಕೊಂಡಿತ್ತು."

ಅಮ್ಮ ತಟ್ಟೆ ತೊಳೆಯುತ್ತ, "ಹೂಂ, ಒಳ್ಳೇದು," ಎಂದಳು.

ಪಿಟೀಲಿಗೆ ನಗು ಬರಲಿಲ್ಲ. ಅವಳು ಹೇಳಬೇಕಾಗಿದ್ದುದು ಮೂರನೇ ಬೆಂಚಿನ ವಿಷಯವನ್ನೇ. ಎರಡು ವರ್ಷದಿಂದ ಪಕ್ಕದಲ್ಲಿ ಕೂರುತ್ತಿದ್ದ ಗೆಳತಿ, ಹನ್ನೊಂದು ದಿನದ ಹಿಂದೆ ಬ್ಯಾಗ್ ಎತ್ತಿಕೊಂಡು ಮೊದಲನೇ ಬೆಂಚಿಗೆ ಹೋಗಿಬಿಟ್ಟಿದ್ದಳು. ಜಗಳ ಆಗಿರಲಿಲ್ಲ, ಟೂ ಬಿಟ್ಟಿರಲಿಲ್ಲ. ಸುಮ್ಮನೆ ಹೋದಳು. ಅಂದಿನಿಂದ ಪಿಟೀಲು ಊಟದ ಡಬ್ಬಿಯನ್ನು ಒಬ್ಬಳೇ ತೆರೆಯುತ್ತಿದ್ದಳು, ಒಬ್ಬಳೇ ಮುಚ್ಚುತ್ತಿದ್ದಳು.

ಅಪ್ಪನಿಗೆ ಹೇಳೋಣವೆಂದರೆ ಅವನು ಹಡಗಿನಲ್ಲಿ ಇಂಜಿನಿಯರ್. ಫೋನ್ ಮಾಡಿದಾಗೆಲ್ಲ "ಹಲೋ, ಕೇಳಿಸ್ತಿದ್ಯಾ?" ಎನ್ನುವುದರಲ್ಲೇ ಲೈನ್ ಕಟ್. ಉಳಿದವಳು ಅಮ್ಮ ಒಬ್ಬಳು. ಅವಳಿಗೂ ತಾನು ಬೇಡವಾಗಿರಬೇಕು. ನನ್ನ ಮಾತೇ ಜಾಸ್ತಿ, ಅದಕ್ಕೇ ಗೆಳತಿ ಹೋದಳು, ಅದಕ್ಕೇ ಅಮ್ಮ ಕೇಳಲ್ಲ. ಪಿಟೀಲು ಹಾಗಂತ ತೀರ್ಮಾನ ಮಾಡಿಕೊಂಡಿದ್ದಳು.

ಇವತ್ತು ಶನಿವಾರ, ಅರ್ಧ ದಿನ ಸ್ಕೂಲು. ಅವಳನ್ನು ನೋಡಿಕೊಳ್ಳುವ ಮೇಲ್ಮನೆ ಆಂಟಿ ಊರಲ್ಲಿರಲಿಲ್ಲ. ಹಾಗಾಗಿ ಹನ್ನೆರಡು ಗಂಟೆಯಿಂದ ಅಮ್ಮ ಡಾಕ್ಟರಾಗಿರುವ ಆಸ್ಪತ್ರೆಯ ಈ ಬೆಂಚೇ ಗತಿ.

ಒಳಗಿನಿಂದ ಒಬ್ಬ ಅಜ್ಜ ಹೊರಬಂದ. ಹಿಂದೆಯೇ ಎಕ್ಸ್‌ರೇ ಕವರ್ ಹಿಡಿದ ಅಜ್ಜಿ. ಇಬ್ಬರೂ ಪಿಟೀಲಿನ ಪಕ್ಕದಲ್ಲೇ ಕುಸಿದು ಕೂತರು.

"ಏನಂದ್ರು? ನಂಗೆ ಸರಿಯಾಗಿ ಕೇಳಿಸ್ಲಿಲ್ಲ," ಅಂದಳು ಅಜ್ಜಿ.

"ಮುಗೀತಂತೆ."

"ಅಂದ್ರೆ?"

"ಅಂದ್ರೇನು? ಮಾತ್ರೆ ತಗೊಂಡೂ ಉಪಯೋಗ ಇಲ್ಲ ಅಂತ. ಇನ್ನು ಬರೋದೂ ಬೇಡ ಅಂದ್ರಲ್ಲ. ಕೈ ಚೆಲ್ಲಿದ್ರು ಕಣೇ."

"ಸರಿಯಾಗಿ ಕೇಳ್ಬಾರ್ದಿತ್ತಾ ನೀವು?"

"ಯಾರನ್ನ ಕೇಳೋದು? ಅವರು ತಲೆ ಎತ್ತಿದ್ರೆ ತಾನೇ?"

ಅಜ್ಜಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಅಜ್ಜ ತನ್ನ ಬೆರಳುಗಳನ್ನು ನೋಡಿಕೊಂಡ. ಸೂಜಿ ಚುಚ್ಚಿ ಚುಚ್ಚಿ ಗಟ್ಟಿಯಾದ, ದರ್ಜಿಯ ಬೆರಳುಗಳು. "ಹೊಲಿಗೆ ಮೆಷಿನ್ನು ತಮ್ಮನ ಮಗನಿಗೆ ಕೊಟ್ಬಿಡೋಣ. ಸುಮ್ನೆ ತುಕ್ಕು ಹಿಡಿಯೋದು ಬೇಡ," ಎಂದ. ಎಳೆದ ದಾರ ತುಂಡಾದ ಹಾಗೆ ಅವನ ದನಿ ಅಲ್ಲಿಗೇ ನಿಂತಿತು.

ಎದುರು ಬೆಂಚಿನ ಹೆಂಗಸು ನಿಟ್ಟುಸಿರು ಬಿಟ್ಟಳು. "ಮೊದಲು ಈ ಡಾಕ್ಟ್ರಮ್ಮ ಹೀಗಿರ್ಲಿಲ್ಲ. ಬೆನ್ನು ಸವರಿ ಮಾತಾಡ್ಸೋರು. ಈಗ ನೋಡಿ, ಕಲ್ಲು."

ಪಿಟೀಲಿನ ಕಿವಿ ಬಿಸಿಯಾಯಿತು. 'ಅವರು ನಮ್ಮಮ್ಮ' ಎನ್ನಬೇಕೆನಿಸಿತು. ಆದರೆ ಆ ಹೆಂಗಸು ಹೇಳಿದ್ದು ಸುಳ್ಳು ಎನ್ನಲು ಬಾಯಿ ಬರಲಿಲ್ಲ.

ಆಗ ಅವಳಿಗೆ ಏನೋ ಹೊಳೆಯಿತು. ಹೋದ ವರ್ಷ ತನಗೆ ಜ್ವರ ಬಿಟ್ಟ ದಿನ ಅಮ್ಮ ಹೀಗೇ ಅಂದಿದ್ದಳಲ್ಲ, "ಮುಗೀತು, ಮಾತ್ರೆ ನಿಲ್ಸು" ಅಂತ! ಆದರೆ ಈ ಅಜ್ಜನ ವಿಷಯ ಬೇರೆಯೇ ಇದ್ದರೆ? ತಾನು ಬಾಯಿ ಹಾಕಿ ತಪ್ಪಾದರೆ?

ಅಮ್ಮನನ್ನೇ ಕೇಳಬೇಕು. ಒಳಗಿದ್ದವರು ಹೊರಬಂದದ್ದೇ ತಡ, "ಲೈನಿದೆ ಮರಿ," ಎಂದು ಸಿಸ್ಟರ್ ತಡೆಯುವುದರೊಳಗೆ ಪಿಟೀಲು ನುಗ್ಗಿ ರೋಗಿಯ ಸ್ಟೂಲಿನ ಮೇಲೆ ಕೂತುಬಿಟ್ಟಳು.

ಅಮ್ಮ ಬರೆಯುತ್ತಿದ್ದಳು. "ಹೇಳಿ, ಏನು ತೊಂದರೆ?"

ಪಿಟೀಲು ಸ್ಟೂಲನ್ನು ಮೇಜಿನ ಹತ್ತಿರಕ್ಕೆ ಎಳೆದುಕೊಂಡಳು.

"ಎಷ್ಟು ದಿನದಿಂದ?"

"ಹನ್ನೊಂದು ದಿನದಿಂದ," ಎಂದುಬಿಟ್ಟಳು.

ಪೆನ್ನು 'ಹನ್ನೊಂದು' ಎಂದು ಬರೆದೂ ಬಿಟ್ಟಿತು. ಆಮೇಲೆ ನಿಂತಿತು. ಅಮ್ಮ ತಲೆ ಎತ್ತಿದಳು.

ಎಷ್ಟೋ ದಿನದ ಮೇಲೆ ಪಿಟೀಲು ಅಮ್ಮನ ಕಣ್ಣುಗಳನ್ನು ನೇರವಾಗಿ ನೋಡಿದಳು. ಕೆಂಪಗಿದ್ದವು.

"ನೀನಾ?" ಎಂದಳು ಅಮ್ಮ.

"ಅಮ್ಮಾ, ಆ ಟೈಲರ್ ಅಜ್ಜ ಸತ್ತುಹೋಗ್ತಾರಾ?"

"ಯಾರೇ ಹೇಳಿದ್ದು? ಅವರಿಗೆ ಪೂರ್ತಿ ವಾಸಿಯಾಗಿದೆ. ಆರು ತಿಂಗಳ ಔಷಧಿ ಇವತ್ತಿಗೆ ಮುಗೀತು."

"ಅದು ಅವರಿಗೆ ಗೊತ್ತಿಲ್ಲ. ನೀನು ಬರೋದು ಬೇಡ ಅಂದ್ಯಲ್ಲ, ಅಜ್ಜಿ ಅಳ್ತಿದ್ದಾರೆ. ಮೆಷಿನ್ ಬೇರೆ ಯಾರಿಗೋ ಕೊಟ್ಬಿಡ್ತಾರಂತೆ."

ಅಮ್ಮ ಪೆನ್ನು ಕೆಳಗಿಟ್ಟಳು. ಕುರ್ಚಿಯನ್ನು ಹಿಂದಕ್ಕೆ ತಳ್ಳಿ ಎದ್ದು ಹೊರಗೆ ಬಂದಳು. ಅಜ್ಜ ಅಜ್ಜಿ ಕೂತಿದ್ದ ಜಾಗ ಖಾಲಿ.

ಅಮ್ಮ ಓಡಿದಳು. ಸ್ಟೆತಾಸ್ಕೋಪ್ ಅತ್ತಿಂದಿತ್ತ ಬಡಿದಾಡುತ್ತಿತ್ತು. ಲೈನಿನಲ್ಲಿದ್ದವರು "ಏನಾಯ್ತು, ಏನಾಯ್ತು" ಎಂದು ಗುಜುಗುಜು ಮಾಡಿದರು. ಪಿಟೀಲೂ ಹಿಂದೆಯೇ ಓಡಿದಳು.

ಅವರಿನ್ನೂ ಮೆಟ್ಟಿಲು ಇಳಿಯುತ್ತಿದ್ದರು. ಎರಡು ಮೆಟ್ಟಿಲು ಇಳಿಯುವುದು, ನಿಲ್ಲುವುದು. ಅಮ್ಮ ಅಜ್ಜನ ಕೈ ಹಿಡಿದು ಅಲ್ಲೇ ಕೂರಿಸಿ, ತಾನೂ ಪಕ್ಕದಲ್ಲಿ ಕೂತಳು. ಎಕ್ಸ್‌ರೇ ಹೊರತೆಗೆದು ಕಿಟಕಿಯ ಬೆಳಕಿಗೆ ಹಿಡಿದಳು.

"ನಾನು ಸರಿಯಾಗಿ ಹೇಳ್ಲಿಲ್ಲ, ತಪ್ಪು ನಂದು. ನೋಡಿ, ಮೊದಲು ಇಲ್ಲಿ ಬಿಳೀ ಕಲೆ ಇತ್ತು. ಈಗ ಇದ್ಯಾ?"

ಅಜ್ಜ ಕಣ್ಣು ಕಿರಿದು ಮಾಡಿ ನೋಡಿದ. "ಇಲ್ಲ. ಅಂದ್ರೆ... ಮುಗಿದಿದ್ದು ಕಾಯಿಲೆನಾ?"

"ಕಾಯಿಲೆ. ನೀವಲ್ಲ."

ಅಜ್ಜಿ ಅಜ್ಜನ ಭುಜಕ್ಕೆ ಒಂದು ಗುದ್ದು ಕೊಟ್ಟಳು. "ಮೆಷಿನ್ ಕೊಡ್ತಾರಂತೆ, ಮೆಷಿನ್ನು!" ಎಂದು ನಗುತ್ತ ಮತ್ತೆ ಅತ್ತಳು.

ಅವರು ಹೋದ ಮೇಲೂ ಅಮ್ಮ ಮೆಟ್ಟಿಲಿನಿಂದ ಏಳಲಿಲ್ಲ. ಸಿಸ್ಟರ್ ಒಂದು ಲೋಟ ನೀರು ತಂದರು.

"ಬೆಳಿಗ್ಗೆಯಿಂದ ಒಂದು ಗುಟುಕು ನೀರು ಕುಡಿದಿಲ್ಲ ನಿಮ್ಮಮ್ಮ," ಎಂದರು ಪಿಟೀಲಿಗೆ. "ಮೂರು ಡಾಕ್ಟ್ರು ನೋಡ್ತಿದ್ದ ಲೈನು ಇದು. ಇಬ್ಬರು ಕೆಲಸ ಬಿಟ್ಟು ಆರು ತಿಂಗಳಾಯ್ತು."

ಅಮ್ಮ ನೀರು ಕುಡಿದಳು. ಯಾರಿಗೂ ಅಲ್ಲವೆಂಬಂತೆ ಹೇಳಿದಳು, "ಮುಖ ನೋಡಿದ್ರೆ ಮಾತು ಬೆಳೆಯುತ್ತೆ. ಮಾತು ಬೆಳೆದ್ರೆ ಲೈನ್ ಕರಗಲ್ಲ. ಅದಕ್ಕೇ ನೋಡೋದನ್ನ ಬಿಟ್ಬಿಟ್ಟೆ. ಬಿಟ್ಟಿದ್ದು ನಂಗೇ ಗೊತ್ತಾಗ್ಲಿಲ್ಲ." ಲೋಟವನ್ನು ಹಿಂದಕ್ಕೆ ಕೊಡುತ್ತ, "ಸಿಸ್ಟರ್, ಸೋಮವಾರ ದೊಡ್ಡ ಡಾಕ್ಟ್ರ ಹತ್ರ ಹೋಗ್ತೀನಿ. ಒಬ್ಬಳಿಂದ ಆಗಲ್ಲ ಅಂತ ಹೇಳ್ತೀನಿ," ಎಂದಳು.

"ನಾನೂ ಬರ್ತೀನಿ, ನಡೀರಿ," ಎಂದರು ಸಿಸ್ಟರ್. "ಇವತ್ತಿಗೆ ಇನ್ನೂ ಇಪ್ಪತ್ತೆರಡು ಜನ ಇದ್ದಾರೆ."

ಆ ಇಪ್ಪತ್ತೆರಡು ಜನ ಮುಗಿಯುವ ತನಕ ಪಿಟೀಲು ಮತ್ತೆ ಬೆಂಚಿನ ಮೇಲೆ ಕಾಯುತ್ತ ಕೂತಳು. ಬಾಗಿಲಾಚೆಯಿಂದ ಅಮ್ಮ ಕೇಳುವುದು ಕೇಳಿಸುತ್ತಿತ್ತು, "ನಾನೀಗ ಏನು ಹೇಳ್ದೆ, ನೀವೇ ಒಂದ್ಸಲ ಹೇಳಿ ನೋಡೋಣ." ಕೊನೆಕೊನೆಗೆ ಆ ದನಿ ಒಡೆದ ಕೊಳಲಿನಂತಾಗಿತ್ತು.

ಮನೆ ಸೇರಿದಾಗ ನಾಲ್ಕು ಗಂಟೆ. ಅಮ್ಮ ಶೂ ಸಹ ಬಿಚ್ಚದೆ ಸೋಫಾದ ಮೇಲೆ ಒರಗಿದಳು. "ಹನ್ನೊಂದು ದಿನದಿಂದ ಏನಾಗಿದೆ ನಿಂಗೆ?"

ಪಿಟೀಲು ಹತ್ತಿರ ಸರಿದು ಶುರುಮಾಡಿದಳು. ಗೆಳತಿ ಬ್ಯಾಗ್ ಎತ್ತಿಕೊಂಡ ಜಾಗಕ್ಕೆ ಬರುವಷ್ಟರಲ್ಲಿ ಅಮ್ಮ "ಹೂಂ" ಎಂದಳು. ತಕ್ಷಣ ಬೆಚ್ಚಿಬಿದ್ದು ಪಿಟೀಲಿನ ಕೈ ಹಿಡಿದುಕೊಂಡಳು.

"ತಾಳು ಮಗಳೇ. ಈಗ ಹೂಂ ಅಂದ್ರೆ ಅದು ಸುಳ್ಳು. ನಿನ್ನ ಮಾತು ಕೇಳಿಸ್ತಿದೆ, ಒಳಗೆ ಇಳೀತಿಲ್ಲ. ಅರ್ಧ ಗಂಟೆ ಮಲಗ್ತೀನಿ. ಎಬ್ಬಿಸು. ಮೊದಲಿಂದ ಹೇಳ್ಬೇಕು, ಒಂದೂ ಬಿಡಬಾರದು."

ಮಾತು ಮುಗಿಯುವ ಮೊದಲೇ ನಿದ್ದೆ.

ಪಿಟೀಲು ಅಮ್ಮನ ಶೂ, ಕಾಲುಚೀಲ ಬಿಚ್ಚಿದಳು. ಕಾಲುಗಳು ಊದಿಕೊಂಡಿದ್ದವು. ಕಾಲುಚೀಲದ ಗೆರೆ ಚರ್ಮದ ಮೇಲೆ ಅಚ್ಚೊತ್ತಿತ್ತು. ಆ ಗೆರೆಯನ್ನೇ ತುಂಬ ಹೊತ್ತು ನೋಡುತ್ತ ಕೂತಳು. ಮನೆಯಲ್ಲಿ ಗಡಿಯಾರ ಬಿಟ್ಟರೆ ಬೇರೆ ಸದ್ದಿಲ್ಲ. ಸೋಮವಾರವೂ ಮೂರನೇ ಬೆಂಚು ಹಾಗೆಯೇ ಇರುತ್ತದೆ, ಅದು ಅವಳಿಗೆ ಗೊತ್ತಿತ್ತು.

ಅರ್ಧ ಗಂಟೆಯಾಯಿತು. ಪಿಟೀಲು ಎದ್ದು ಅಮ್ಮನ ಭುಜದ ಹತ್ತಿರ ಕೈ ಒಯ್ದಳು. ಮುಟ್ಟಿದರೆ ಏಳುತ್ತಾಳೆ. ಎದ್ದರೆ ಕೇಳುತ್ತಾಳೆ.

ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. ಅಮ್ಮನ ಮುಖಕ್ಕೆ ಬಿಸಿಲು ಬೀಳದಂತೆ ಪರದೆ ಎಳೆದು, ಇನ್ನೂ ಅರ್ಧ ಗಂಟೆ ಕಾಯಲು ಕೂತಳು.