ಬಣ್ಣ ತುಂಬದ ಮುಖ

"ಏ ಮೇಡಂ! ಅದು ನನ್ನ ಮುಖ ಐತಿ!"

ಆ ಗುಡುಗಿಗೆ ಮೃಣಾಲಿನಿಯ ಕೈಯಿಂದ ಸ್ಪ್ರೇ ಡಬ್ಬಿ ಜಾರಿತು. ಅಟ್ಟಣಿಗೆಯ ಕೆಳಗೆ ಅಪ್ಪು ನಿಂತಿದ್ದ. ಎದುರಿನ ಪಂಪ್ ರಿಪೇರಿ ಅಂಗಡಿಯವನು. ಎಂಟು ದಿನಗಳಿಂದ ಅವಳು ಕದ್ದು ಕದ್ದು ನೋಡುತ್ತಿದ್ದವನು!

ಮುನವಳ್ಳಿಯ ವೀರಪ್ಪನವರ ಬೀಜದಂಗಡಿಯ ಗೋಡೆಗೆ ಒಬ್ಬ ರೈತನ ಚಿತ್ರ ಬೇಕಿತ್ತು. ಅದನ್ನು ಬರೆಯಲು ಬೈಲಹೊಂಗಲದಿಂದ ಬಂದ ಈ ಹುಡುಗಿಯ ಮನಸ್ಸು ಎಲ್ಲಿತ್ತೋ, ಕೈಯೂ ಅಲ್ಲಿಗೇ ಹೋಗಿತ್ತು. ಇಪ್ಪತ್ತು ಅಡಿಯ ಮುಖ, ಇನ್ನೂ ಬರೀ ಕಪ್ಪು-ಬಿಳುಪು. ಮೊದಲು ನೆರಳು-ಬೆಳಕು ಕೂರಿಸಿ ಆಮೇಲೆ ಬಣ್ಣ ತುಂಬುವುದು ಅವಳ ಪದ್ಧತಿ.

"ನಮ್ಮವ್ವ ನೋಡೂದರಾಗ ಅಳಸ್ರಿ!" ಎಂದವನೇ ಬೈಕ್ ಹತ್ತಿ ನವಿಲುತೀರ್ಥದ ಅಣೆಕಟ್ಟಿನ ಕಡೆ ಹೊರಟುಹೋದ. ಹೊಳೆದಂಡೆಯ ಪಂಪೊಂದು ಕೆಟ್ಟಿತ್ತಂತೆ.

'ಅಷ್ಟೊಂದು ಬೇಡವಾದೆನೇ ಇವನಿಗೆ?' ಅವಳ ಕಣ್ಣು ತುಂಬಿತು. ಹಟಕ್ಕೆ ಬಿದ್ದು ಅಳಿಸಲೇ ಇಲ್ಲ.

ಊಟ ಮುಗಿಸಿ ಬಂದಾಗ ಗೋಡೆಯ ಬುಡದಲ್ಲಿ ಊದಿನಕಡ್ಡಿ ಉರಿಯುತ್ತಿತ್ತು. ಯಾರೋ ಚೆಂಡುಹೂವಿನ ಹಾರ ಇಟ್ಟಿದ್ದರು. ದಾರಿಹೋಕನೊಬ್ಬ ಚಪ್ಪಲಿ ಕಳಚಿ ಕೈಮುಗಿದ.

"ಏನ್ ಮಾಡಿದಿ ಯವ್ವಾ!" ವೀರಪ್ಪ ಓಡಿ ಬಂದರು. "ಕಪ್ಪು-ಬಿಳುಪಿನಾಗ ಇಷ್ಟ ದೊಡ್ಡ ಮುಖ ಕಂಡ್ರ ಮಂದಿ ಏನ್ ತಿಳೀತಾರ? ಶ್ರದ್ಧಾಂಜಲಿ ಬ್ಯಾನರ್! ಮೂರ ವರ್ಷದ ಹಿಂದ ಅಪ್ಪೂನ ಅಣ್ಣ ಸತ್ತಾಗ ಅವಂದೂ ಇದ ಗೋಡಿಗೆ ಕಟ್ಟಿದ್ರು..."

ಅಷ್ಟರಲ್ಲಿ ಸುದ್ದಿ ಬಂತು. ಅಣೆಕಟ್ಟಿನಿಂದ ನೀರು ಬಿಟ್ಟಿದ್ದಾರೆ. ದಂಡೆಯ ಪಂಪುಗಳೆಲ್ಲ ಕೊಚ್ಚಿಹೋಗಿವೆ. ಅಪ್ಪುವಿನ ಫೋನ್ ಸ್ವಿಚ್ ಆಫ್!

ಅವನ ತಾಯಿ ಸುಂದರವ್ವ ಎದೆ ಬಡಿದುಕೊಳ್ಳುತ್ತ ಬಂದಳು. "ಜೀವಂತ ಮಗನ ಮುಖಕ್ಕ ಹಾರ ಹಾಕಿಸಿದೆಲ್ಲೇ! ಒರಸ ಮದಲ, ಒರಸ!"

ಮೃಣಾಲಿನಿ ಬಿಳಿ ಬಣ್ಣದ ಡಬ್ಬಿ ಎತ್ತಿಕೊಂಡಳು. ಕೈ ಬರಲಿಲ್ಲ. 'ನನ್ನ ಕೈಯಾರೆ ಅವನನ್ನು ಇಲ್ಲವಾಗಿಸಲೇ?'

"ಒರಸೂದಿಲ್ರೀ. ಅವರು ಬರ್ತಾರ!"

ಅಳುತ್ತಲೇ ಅಟ್ಟಣಿಗೆ ಹತ್ತಿದಳು. ಕೆನ್ನೆಗೆ ಕಂದು, ತುಟಿಗೆ ಕೆಂಪು... ಮೋಡ ಕವಿದು ಬೀದಿ ಕಪ್ಪಾಯಿತು. ಸುಂದರವ್ವ ಗೋಡೆಗೆ ಹಣೆ ಹಚ್ಚಿ ಕೂತುಬಿಟ್ಟಳು. ನಾಲ್ಕು ಗಂಟೆಯಾಯಿತು. ಐದಾಯಿತು. ಯಾರೂ ಬರಲಿಲ್ಲ.

"ಯವ್ವಾ!"

ಮೈಯೆಲ್ಲ ಕೆಸರು, ಬರಿಗಾಲು... ಅಪ್ಪು! ಬೈಕು, ಫೋನು ಎರಡೂ ನೀರುಪಾಲಾಗಿ, ನಡೆದೇ ಬಂದಿದ್ದ. ತಾಯಿ ಹೊಡೆದಳು, ತಬ್ಬಿದಳು, ಮತ್ತೆ ಹೊಡೆದಳು.

ಮೃಣಾಲಿನಿ ಕೆಳಗಿಳಿದಳು.

"ಅಳಸ್ರಿ ಅಂದಿದ್ದೆ."

"ಆಗಲಿಲ್ರಿ. ನಿಮಗೇನರೆ ಆಗಿದ್ರ... ನಾ ಹ್ಯಾಂಗ ಇರ್ತಿದ್ದೆ?" ಹೇಳಿಬಿಟ್ಟು ಮುಖ ಮುಚ್ಚಿಕೊಂಡಳು.

ಅಪ್ಪು ಮೆಲ್ಲಗೆ ಹೇಳಿದ: "ಸಿಟ್ಟ ಬಂದಿದ್ದು ಅವ್ವನ ಸಲುವಾಗಿ. ನನಗ... ಎಂಟ ದಿನದಿಂದ ಒಂದ ಮೋಟರ್ ಬಿಚ್ಚಿ ಇಟಗೊಂಡು ಕುಂತೇನಿ, ನಿಮ್ಮನ್ನ ನೋಡಕೋತ!"

"ಮತ್ತ ಮಾತಾಡಬಾರದಿತ್ತಾ?"

"ನೀವು ಅಷ್ಟ ಮ್ಯಾಲ ಇದ್ರಿ..."

ಬಣ್ಣ ಮೆತ್ತಿದ ಕೈಯಿಂದಲೇ ಅವಳು ಅವನ ಕೈ ಹಿಡಿದಳು.

"ಈಗ ಇಳದ ಬಂದೀನಲ್ರಿ... ಮಾತಾಡ್ರಿ."